ಐವತ್ತೆಂಟು ನಿಮಿಷ

ಕಾವಲಿಗೆ ಕಚ್ಚಿಕೊಂಡಿದ್ದ ಕೊಬ್ಬನ್ನು ಕೆರೆದು ಕೆರೆದು ಒಂದು ಮೂಲೆಗೆ ತಳ್ಳುತ್ತಿದ್ದೆ. ಕೆಲಸ ಅರ್ಧಕ್ಕೆ ಬಂದಿತ್ತು, ಅಷ್ಟರಲ್ಲಿ ಹಿಂದುಗಡೆ ಕೋಲ್ಡ್ ರೂಮಿನ ಮೋಟಾರು ಕೆಮ್ಮಿತು. ಕೈ ನಿಲ್ಲಿಸಿ ಕಿವಿಗೊಟ್ಟೆ. ಒಂದು, ಎರಡು, ಮೂರು... ಒಂಬತ್ತು ಎಣಿಸುವ ಹೊತ್ತಿಗೆ ಮತ್ತೆ ಹಿಡಿದುಕೊಂಡಿತು. ಉಸಿರು ಬಿಟ್ಟು ಕೆರೆಯತೊಡಗಿದೆ. ಮತ್ತೆ ಕೆಮ್ಮಿತು.

ಬೆಳಗಿನಿಂದ ಇದೇ ಆಟ. ಹಿಂದಕ್ಕೆ ಹೋಗಿ ಆ ದಪ್ಪ ಬಾಗಿಲಿಗೆ ಅಂಗೈ ಇಟ್ಟು ನೋಡುವುದು, ಮುಂದಕ್ಕೆ ಬಂದು ಕಿಟಕಿಯಲ್ಲಿ ರಸ್ತೆ ನೋಡುವುದು. ರಸ್ತೆಯಲ್ಲಿ ನೋಡುವುದಕ್ಕೆ ಏನಿತ್ತು? ಕೆಂಪು ಮಣ್ಣು, ಮುಳ್ಳುಹುಲ್ಲು, ನಡುವೆ ಕರಿಯ ಗೆರೆ. ಆದರೆ ಅಂದು ಮಂಗಳವಾರ. ಹನ್ನೊಂದರ ಹೊತ್ತಿಗೆ ಟಪಾಲು ವ್ಯಾನು ಬರುತ್ತದೆ. ಎರಡು ವರ್ಷದಿಂದ ಮಂಗಳವಾರ ಬಂತೆಂದರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

"ಏ ಎನಿಡ್, ಎಷ್ಟು ಸಲ ಹೋಗಿ ಮುಟ್ಟಿ ನೋಡ್ತೀಯೆ? ಜ್ವರ ಬಂದಿರೋ ಮಗೂನಾ ಅದು?" ಎಂದ ನನ್ನ ಗಂಡ ಕ್ಲೆಮ್. ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಿದ್ದ. ಬಲಗಾಲು ಮಂಡಿಯಿಂದ ಕೆಳಗಿಲ್ಲ. ಕಟ್ಟಿಕೊಳ್ಳುವ ಕಾಲನ್ನು ಬಿಚ್ಚಿ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದ.

"ಒಳಗೆ ಹದಿನೈದು ದಿನದ ಮಾಂಸ ಇದೆ ಮಾರಾಯ. ಆಲಿಸ್ ಊರಿಂದ ರಿಪೇರಿಯವನು ಬರೋಕೆ ಎಂಟು ದಿನ ಅಂತೆ."

"ಬರ್ಲಿ ಬಿಡು. ಎಂಟು ದಿನ ಡಬ್ಬಿ ಮೀನು ತಿನ್ನೋಣ. ಆ ಗ್ರೀಕನನ್ನ ಮಾತ್ರ ಕರೆಯೋ ಹಾಗಿಲ್ಲ."

"ಅವನ ಹೆಸರು ಈಗ ಯಾರು ಎತ್ತಿದ್ರು?"

"ನಿನ್ನ ಮುಖ ಎತ್ತಿತು."

ನಾನು ಕಾವಲಿಯ ಕಡೆ ತಿರುಗಿದೆ. ನಮ್ಮ ಪೆಟ್ರೋಲು ಬಂಕಿನ ಗಲ್ಲಾದ ಹಿಂದಿನ ಗೋಡೆಯ ಮೇಲೆ ಮೂರು ಬೇಸಿಗೆಯಿಂದ ಒಂದು ರಟ್ಟಿನ ತುಂಡು ನೇತಾಡುತ್ತಿದೆ. ಅದರ ಮೇಲೆ ಕ್ಲೆಮ್‌ನ ದಪ್ಪ ಅಕ್ಷರದಲ್ಲಿ ಒಂದು ಕಾರಿನ ನಂಬರು, ಅದರ ಕೆಳಗೆ 'ಇವನಿಗೆ ಇಲ್ಲಿ ಪೆಟ್ರೋಲೂ ಇಲ್ಲ, ನೀರೂ ಇಲ್ಲ'. 'ನೀರೂ ಇಲ್ಲ' ಎಂಬುದನ್ನು ಆಮೇಲೆ ಅಡ್ಡಗೆರೆ ಗೀಚಿ ಹೊಡೆದುಹಾಕಿದ್ದಾನೆ. ಉತ್ತರಕ್ಕಿರುವ ಮುಂದಿನ ಬಂಕಿನ ಲೆಸ್, "ಈ ನೆಲದಲ್ಲಿ ಕೊಲೆಗಾರನಿಗೂ ನೀರಿಲ್ಲ ಅನ್ನಬಾರದು ಕಣಯ್ಯ" ಎಂದು ಜಗಳವಾಡಿದ ಮೇಲೆ ಗೀಚಿದ್ದು. ಪೆಟ್ರೋಲು ಮಾತ್ರ ಹಾಗೇ ಉಳಿಯಿತು. ಅಂಥದೇ ರಟ್ಟು ಲೆಸ್‌ನ ಬಂಕಿನಲ್ಲೂ ಇದೆ, ಅದರಾಚೆಯ ಮೂರು ಬಂಕುಗಳಲ್ಲೂ ಇದೆ. ಪೆಟ್ರೋಲು ಕೊಡದಿದ್ದರೆ ಈ ರಸ್ತೆಯಲ್ಲಿ ಯಾವನಿಗೂ ಬದುಕಿಲ್ಲ. ಹನ್ನೊಂದು ವರ್ಷ ನಮ್ಮೆಲ್ಲರ ಕೋಲ್ಡ್ ರೂಮುಗಳನ್ನು ರಿಪೇರಿ ಮಾಡಿಕೊಂಡಿದ್ದ ಆ ಗ್ರೀಕ, ಮನೋಲಿ, ಈಗ ಡಾರ್ವಿನ್ನಿನಲ್ಲಿ ಯಾರದೋ ಮೀನಿನ ಅಂಗಡಿಯಲ್ಲಿ ಐಸು ಒಡೆಯುತ್ತಾನಂತೆ.

ಅವನು ಏನು ತಪ್ಪು ಮಾಡಿದ ಎಂದು ಕ್ಲೆಮ್ ಬಂದವರಿಗೆಲ್ಲ ಹೇಳುತ್ತಾನೆ. ಏನೂ ಮಾಡಲಿಲ್ಲ ಎಂಬುದು ನನಗೆ ಗೊತ್ತಿತ್ತು.

ನಮ್ಮಲ್ಲಿ ಫೋನಿನ ಪಕ್ಕ ದಾರಕ್ಕೆ ಕಟ್ಟಿದ ಒಂದು ಪುಸ್ತಕವಿದೆ. ಒಬ್ಬರೇ ಹೋಗುವವರು ಅದರಲ್ಲಿ ಹೆಸರು ಬರೆಯುತ್ತಾರೆ, ಹೊರಟ ಹೊತ್ತನ್ನು ನಾವು ಬರೆಯುತ್ತೇವೆ. ಮುಂದಿನ ಬಂಕು ಮುಟ್ಟಿದ ಮೇಲೆ ಅಲ್ಲಿಂದ ಫೋನು ಮಾಡಿ "ಬಂದೆ" ಎನ್ನಬೇಕು. ಅಷ್ಟೇ ಮಾತು. ನಾವು ಟಿಕ್ ಹಾಕುತ್ತೇವೆ. ಹೊತ್ತು ಮೀರಿದರೂ ಟಿಕ್ ಬೀಳದಿದ್ದರೆ ಹುಡುಕಲು ಹೊರಡಬೇಕು, ಹೋದವನನ್ನು ಕೊನೆಯಲ್ಲಿ ಯಾರು ಕಂಡಿದ್ದರೋ ಅವರೇ ಹೊರಡಬೇಕು. ಇದನ್ನು ಯಾರೂ ಬರೆದಿಟ್ಟಿಲ್ಲ. ಬಿಸಿಲಿನಲ್ಲಿ ಕಾರು ಕೆಟ್ಟು ನಿಂತವನು ಒಂದು ದಿನ ತಡೆಯುತ್ತಾನೆ, ಎರಡನೇ ದಿನ ಇಲ್ಲ. ಅದಕ್ಕೇ ಈ ಪದ್ಧತಿ.

ಲೆಸ್‌ನ ಬಂಕು ಎಷ್ಟು ದೂರ ಎಂದು ಕೇಳಿದರೆ ನಾವು ಯಾರೂ ಕಿಲೋಮೀಟರು ಹೇಳುವುದಿಲ್ಲ. "ಎರಡು ಗಂಟೆ" ಎನ್ನುತ್ತೇವೆ. ನಾನು ಮದುವೆಯಾಗಿ ಬಂದಾಗಲೂ ಅದು ಎರಡು ಗಂಟೆಯೇ. ಹಿಂದೆ ಈ ರಸ್ತೆಗೆ ವೇಗದ ಮಿತಿ ಇರಲಿಲ್ಲ, ಆಗಿನ ಗಾಡಿಗಳೇ ಅಷ್ಟು ಓಡುತ್ತಿರಲಿಲ್ಲ. ಆಮೇಲೆ ನೂರಮೂವತ್ತು ಎಂದು ಹಲಗೆ ಹಾಕಿದರು. ಮತ್ತೆ ಮೂರು ವರ್ಷದ ಹಿಂದೆ ಬೇಸಿಗೆಯ ಕೊನೆಗೆ ಅದನ್ನೂ ಕಿತ್ತು, ಬಿಳಿ ಹಲಗೆಯ ಮೇಲೆ ಕಪ್ಪು ಅಡ್ಡಗೆರೆ ಎಳೆದು ನೆಟ್ಟರು: ನಿಮಗೆ ತಿಳಿದಷ್ಟು ವೇಗದಲ್ಲಿ ಹೋಗಿ ಎಂದು ಅರ್ಥ. ಹಲಗೆ ಬದಲಾಯಿತು. ನಮ್ಮ ತಲೆಯೊಳಗಿನ ಎರಡು ಗಂಟೆ ಬದಲಾಗಲಿಲ್ಲ.

ಆ ವಾರವೇ ಮನೋಲಿ ಹೊಸ ಕಾರಿನಲ್ಲಿ ಬಂದ. ಬೆಳ್ಳಿ ಬಣ್ಣದ್ದು, ನೆಲಕ್ಕೆ ಹೊಟ್ಟೆ ತಾಗುವಂಥದ್ದು. ಟ್ಯಾಂಕು ತುಂಬಿಸಿ, ಮೊಟ್ಟೆಯಿಟ್ಟ ಬ್ರೆಡ್ಡು ಎರಡು ತಿಂದು, ಪುಸ್ತಕದಲ್ಲಿ ಹೆಸರು ಬರೆದ.

"ಅಮ್ಮಾ, ಇವತ್ತು ಇದರ ಕಾಲು ಬಿಚ್ಚಿ ಓಡಿಸಿ ನೋಡ್ತೀನಿ."

"ದನ ಅಡ್ಡ ಬಂದ್ರೆ ನಿನ್ನ ಕಾಲೂ ಬಿಚ್ಚುತ್ತೆ ಹುಷಾರು," ಎಂದ ಕ್ಲೆಮ್. ಆಗ ಅವನಿಗೆ ಎರಡೂ ಕಾಲಿದ್ದವು. ಅವರಿಬ್ಬರೂ ನಕ್ಕರು. ಕ್ಲೆಮ್‌ಗೆ ಅವನೆಂದರೆ ಇಷ್ಟವಿತ್ತು.

ಒಂಬತ್ತು ಗಂಟೆ ಎಂಟು ನಿಮಿಷ ಎಂದು ಬರೆದೆ.

ಹತ್ತು ಗಂಟೆ ಆರು ನಿಮಿಷಕ್ಕೆ ಫೋನು ಬಂತು. ಗರಗರ ಎನ್ನುವ ಲೈನು. "ಮನೋಲಿ. ಬಂದೆ. ಟಿಕ್ ಹಾಕಮ್ಮ."

ಗಡಿಯಾರ ನೋಡಿದೆ. ನಗು ಬಂತು. ಲೆಸ್‌ಗೆ ಊರವರ ದನಿ ಅನುಕರಿಸುವ ಚಟ. ಪೊಲೀಸನ ದನಿ, ಪಾದ್ರಿಯ ದನಿ, ನನ್ನದೇ ದನಿ ತೆಗೆದು ನನ್ನನ್ನೇ ಮಾತಾಡಿಸಿದವನು. ಎರಡು ಗಂಟೆಯ ದಾರಿಯನ್ನು ಐವತ್ತೆಂಟು ನಿಮಿಷದಲ್ಲಿ ಯಾರು ಹೋಗುತ್ತಾರೆ? "ಕೋತಿಯಾಟ ಸಾಕು. ಹೋಗಿ ಈರುಳ್ಳಿ ಸುಲಿ, ಲೆಸ್," ಎಂದು ಇಟ್ಟುಬಿಟ್ಟೆ. ಫೋನು ಮತ್ತೆ ಬಡಿದುಕೊಂಡಿತು. ಹೊರಗೆ ಒಂದು ಬಸ್ಸು ತುಂಬ ಪ್ರವಾಸಿಗರು ಇಳಿಯುತ್ತಿದ್ದರು. ನಾನು ಎತ್ತಲಿಲ್ಲ.

ಹನ್ನೊಂದೂವರೆಯಾದರೂ ಟಿಕ್ ಇಲ್ಲ. ಲೆಸ್‌ನ ಬಂಕಿಗೆ ಫೋನು ಮಾಡಿದರೆ ಅವನ ಹೆಂಡತಿ ಎತ್ತಿ, "ಬೆಳ್ಳಿ ಕಾರು ಯಾವುದೂ ಒಳಗೆ ಬಂದಿಲ್ಲಮ್ಮ" ಎಂದಳು. ಪೆಟ್ರೋಲು ನಮ್ಮಲ್ಲೇ ತುಂಬಿಸಿದವನು ಒಳಗೆ ಯಾಕೆ ಹೋಗುತ್ತಾನೆ? ಗೇಟಿನ ಹೊರಗಿನ ಫೋನ್ ಡಬ್ಬಿಯಿಂದಲೇ ಮಾಡಿ ಮುಂದೆ ಹೋಗಿದ್ದ. ಅದು ಆಗ ನನಗೆ ಹೊಳೆಯಲಿಲ್ಲ.

ಏಪ್ರನ್ನು ಬಿಚ್ಚಿದೆ. ಕೊನೆಯಲ್ಲಿ ಕಂಡವಳು ನಾನು, ಹೋಗಬೇಕಾದವಳೂ ನಾನು. ಕ್ಲೆಮ್ ನನ್ನ ಕೈಯಿಂದ ಬೀಗದ ಕೈ ತೆಗೆದುಕೊಂಡ. "ಬಸ್ಸಿನ ಜನ ಕೂತಿದ್ದಾರೆ, ನೀನು ಅಡುಗೆ ನೋಡು. ನಾನು ಹೋಗ್ಬರ್ತೀನಿ." ಜನ್ಮದಲ್ಲಿ ತೊಂಬತ್ತು ದಾಟಿಸದವನು ಅಂದು ಆ ಹಳೆಯ ಗಾಡಿಯನ್ನು ನೂರನಲವತ್ತಕ್ಕೆ ಏರಿಸಿದ್ದನಂತೆ. ಕಣ್ಣೆಲ್ಲ ಪಕ್ಕದ ಪೊದೆಗಳ ಮೇಲೆ, ಎಲ್ಲಿ ಆ ಬೆಳ್ಳಿ ಕಾರು ಮಗುಚಿ ಬಿದ್ದಿದೆಯೋ ಎಂದು. ಎದುರಿಗೆ ನಿಂತಿದ್ದ ಎತ್ತು ಕಾಣಲಿಲ್ಲ.

ಕ್ಲೆಮ್‌ನನ್ನು ಆಸ್ಪತ್ರೆಗೆ ಒಯ್ಯಲು ಡಾಕ್ಟರ ವಿಮಾನ ರಸ್ತೆಯ ಮೇಲೇ ಇಳಿಯಿತು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನು ಮೊದಲು ಕೇಳಿದ್ದು, "ಸಿಕ್ಕಿದ್ನಾ?" ಸಿಕ್ಕುವುದೇನು, ಮನೋಲಿ ಅಷ್ಟು ಹೊತ್ತಿಗೆ ಐದು ಗಂಟೆಯ ದಾರಿಯಾಚೆ ಯಾರದೋ ಫ್ರಿಜ್ಜು ಬಿಚ್ಚಿಕೊಂಡು ಸೀಟಿ ಹೊಡೆಯುತ್ತಿದ್ದ. "ಮತ್ತೆ ಫೋನ್ ಮಾಡ್ಲಿಲ್ವಾ ಅವನು?" ಎಂದ ಕ್ಲೆಮ್. ಇಲ್ಲ ಎಂದು ತಲೆಯಾಡಿಸಿದೆ. ಆಗ ಅದು ಸುಳ್ಳಲ್ಲ.

ನಾಲ್ಕನೆಯ ದಿನ ಲೆಸ್ ನೋಡಲು ಬಂದ. ಕೆನ್ನೆ ಊದಿತ್ತು. ಕ್ಲೆಮ್ ಮಲಗಿದ್ದ. "ಆವತ್ತೂ ನಿನಗೆ ಕೋತಿಯಾಟ ಬೇಕಿತ್ತಾ?" ಎಂದು ಪಿಸುದನಿಯಲ್ಲಿ ಗದರಿದೆ.

"ಯಾವ ಕೋತಿಯಾಟ? ಆವತ್ತು ನಾನೆಲ್ಲಿದ್ದೆ? ಬೆಳಗ್ಗೆ ಆರಕ್ಕೇ ಟೆನೆಂಟ್ ಊರಿಗೆ ಹೋಗಿ ದವಡೆ ಹಲ್ಲು ಕೀಳಿಸ್ಕೊಂಡೆ. ನೋಡು, ಇನ್ನೂ ಹಲಸಿನಕಾಯಿ ಇಟ್ಕೊಂಡ ಹಾಗಿದೆ."

ನಾನು ಮಂಚದ ಕಂಬಿ ಹಿಡಿದುಕೊಂಡೆ.

ಆಗ ಹೇಳಬಹುದಿತ್ತು. ಜ್ವರ ಇಳಿಯಲಿ ಎಂದುಕೊಂಡೆ. ಜ್ವರ ಇಳಿದ ಮೇಲೆ, ಗಾಯ ಮಾಯಲಿ ಎಂದುಕೊಂಡೆ. ಒಂದು ತಿಂಗಳಿಗೆ, ಕ್ಲೆಮ್ ಮನೆಗೆ ಬಂದ ಮೇಲೆ, ಮನೋಲಿಯೇ ಒಂದು ಚೀಲ ಕಿತ್ತಳೆ ಹಿಡಿದುಕೊಂಡು ಬಂದ. ಬಾಗಿಲಲ್ಲೇ ನಿಂತು, "ಕ್ಲೆಮ್, ನಾನು ಫೋನ್ ಮಾಡಿದ್ದೆ. ದೇವರಾಣೆ ಮಾಡಿದ್ದೆ. ಹತ್ತು ಗಂಟೆಗೆಲ್ಲ ಅಲ್ಲಿದ್ದೆ" ಎಂದ.

"ಹತ್ತು ಗಂಟೆಗೆ! ಹಾರ್ಕೊಂಡು ಹೋದ್ಯಾ? ಏನೇ ಎನಿಡ್, ಬಂದಿತ್ತಾ ಫೋನು?"

ಇಬ್ಬರೂ ನನ್ನನ್ನು ನೋಡಿದರು. ನಾನು ಕಿತ್ತಳೆ ನೋಡಿದೆ.

"ಇಲ್ಲ," ಎಂದೆ.

ಸುಳ್ಳಾದದ್ದು ಆಗ. ಮರುದಿನ ಕ್ಲೆಮ್ ರಟ್ಟು ಬರೆದ.

ಏಳು ತಿಂಗಳ ಮೇಲೆ ಮನೋಲಿಯ ಕಾಗದ ಬಂತು, ನನ್ನ ಹೆಸರಿಗೆ. 'ಈರುಳ್ಳಿ ಸುಲಿ ಎಂದವರು ನೀವು. ಆ ಮಾತು ನಿಮಗೂ ನನಗೂ ಬಿಟ್ಟು ಯಾರಿಗೂ ಗೊತ್ತಿಲ್ಲ. ನನಗೆ ಬೇರೇನೂ ಬೇಡ ಅಮ್ಮ, ಫೋನು ಬಂದಿತ್ತು ಎಂದು ಹೇಳಿ. ಈ ರಸ್ತೆ ಬಿಟ್ಟು ನನಗೆ ಬೇರೆ ಕೆಲಸ ಗೊತ್ತಿಲ್ಲ.' ಬರೆಯಲು ಬರುವುದಿಲ್ಲ ಎಂಬ ನೆಪ ನನಗಿರಲಿಲ್ಲ. ನಲವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತಿದ್ದೆ. ಅದೇ ವಾರ ಉತ್ತರ ಬರೆದೆ, ಲಕೋಟೆಗೆ ಹಾಕಿದೆ, ಸ್ಟಾಂಪೂ ಅಂಟಿಸಿದೆ. ಮಂಗಳವಾರ ವ್ಯಾನು ಬಂತು, ಹೋಯಿತು. ಲಕೋಟೆ ಹಿಟ್ಟಿನ ಡಬ್ಬದ ಕೆಳಗೇ ಉಳಿಯಿತು. ಅದಾದ ಮೇಲೆ ನೂರಕ್ಕೂ ಹೆಚ್ಚು ಮಂಗಳವಾರಗಳು.

ನನಗಿದ್ದ ಭಯ ಕ್ಲೆಮ್ ಬಿಟ್ಟುಹೋಗುತ್ತಾನೆ ಎಂದಲ್ಲ. ಒಂದು ಕಾಲಲ್ಲಿ ಎಲ್ಲಿಗೆ ಹೋಗುತ್ತಾನೆ? ಹೋಗಲಾಗದೆ ಇಲ್ಲೇ ಕೂತು, ದಿನಾ ನನ್ನ ಕೈಯ ಟೀ ಕುಡಿಯಬೇಕಲ್ಲ, ಆ ಭಯ.

ಆ ಮಂಗಳವಾರ ಹತ್ತರ ಹೊತ್ತಿಗೆ ರಸ್ತೆ ಇಲಾಖೆಯ ಲಾರಿ ಬಂದು ನಿಂತಿತು. ಹಿಂದುಗಡೆ ಕೆಂಪು ಸುತ್ತಿನ ಹಲಗೆಗಳು: ಮತ್ತೆ ನೂರಮೂವತ್ತು. ಸರ್ಕಾರ ಬದಲಾಗಿತ್ತು. ಮೂರು ಜನ ಇಳಿದರು. ಮೇಸ್ತ್ರಿ ಹೆಂಗಸು, ಡೆಲಿಯಾ ಎಂದು. ಬಿಸಿಲಿಗೆ ಚರ್ಮ ಹದ ಮಾಡಿದ ತೊಗಲಿನಂತಾಗಿತ್ತು. ಟೀ ಕೇಳಿ ಕ್ಲೆಮ್‌ನ ಎದುರು ಕೂತಳು.

"ಮೂರು ವರ್ಷ ಮುಂಚೆ ಹಾಕಿದ್ರೆ ನನ್ನ ಕಾಲು ಉಳೀತಿತ್ತು," ಎಂದು ಕ್ಲೆಮ್ ಶುರುಮಾಡಿದ. ಎತ್ತು, ಒಂಬತ್ತಕ್ಕೆ ಹೊರಟ ಬೆಳ್ಳಿ ಕಾರು, ಗ್ರೀಕ, ಎಲ್ಲ ಬಂತು. ಯಾವ ಮಾತಿಗೆ ಎಲ್ಲಿ ಮೇಜು ಕುಟ್ಟುತ್ತಾನೆ ಎಂಬುದೂ ನನಗೆ ಬಾಯಿಪಾಠ. "ಒಂದು ಮಾತು. 'ಬಂದೆ' ಅನ್ನೋಕೆ ಏನು ರೋಗ ಅವನಿಗೆ? ಎರಡು ಗಂಟೆ ಅಲ್ಲ, ಎರಡೂವರೆ ಗಂಟೆ ಕಾದ್ವಿ!"

"ಯಾಕೆ ಕಾದ್ರಿ?" ಎಂದಳು ಡೆಲಿಯಾ.

"ಯಾಕೆ ಅಂದ್ರೆ? ಲೆಸ್‌ನ ಬಂಕು ಎರಡು ಗಂಟೆ."

"ನೂರ ತೊಂಬತ್ತು ಕಿಲೋಮೀಟರು ತಾತ. ಮಿತಿ ತೆಗೆದಿದ್ದ ವಾರ, ಹೊಸ ಕಾರು. ಒಂದು ಗಂಟೆ ಸಾಕಲ್ಲ. ನಾನೇ ಒಂದ್ಸಲ ಅರವತ್ತೆರಡು ನಿಮಿಷದಲ್ಲಿ ಹೋಗಿದ್ದೀನಿ. ನನ್ನ ಇಂಜಿನಿಯರಿಗೆ ಹೇಳ್ಬೇಡಿ."

ಅವಳ ಜೊತೆಯವರು ಕಿಸಕ್ಕೆಂದರು. ಕ್ಲೆಮ್ ನಗಲಿಲ್ಲ. ತುಟಿ ಅಲುಗುತ್ತಿತ್ತು, ಲೆಕ್ಕ ಹಾಕುತ್ತಿದ್ದ. ಮೂರು ವರ್ಷದಲ್ಲಿ ಆ ಲೆಕ್ಕ ಅವನು ಹಾಕಿರಲಿಲ್ಲ. ನಮ್ಮಲ್ಲಿ ಯಾರೂ ಹಾಕಿರಲಿಲ್ಲ.

"ಹತ್ತು ಗಂಟೆಗೆ ಯಾವ ಫೋನೂ ಬರ್ಲಿಲ್ವಾ?" ಎಂದಳು ಡೆಲಿಯಾ, ಟೀ ಊದುತ್ತಾ. ಸುಮ್ಮನೆ ಕೇಳಿದ್ದು.

"ಅವನೂ ಹತ್ತು ಗಂಟೆ ಅಂದಿದ್ದ," ಎಂದ ಕ್ಲೆಮ್ ನಿಧಾನವಾಗಿ. "ಆದ್ರೆ ಇವಳು ಇಲ್ಲೇ ಇದ್ಳು. ಎನಿಡ್..."

ಹಿಂದೆ ಮೋಟಾರು ಕೆಮ್ಮಿತು. ಎಣಿಸಲು ಹೋದೆ. ಒಂಬತ್ತಾಯಿತು, ಹತ್ತಾಯಿತು, ಹದಿನೈದಾಯಿತು. ಅದು ಮತ್ತೆ ಹಿಡಿದುಕೊಳ್ಳಲಿಲ್ಲ.

"ಬಂದಿತ್ತು," ಎಂದೆ.

"ಏನು ಬಂದಿತ್ತು?"

"ಫೋನು. ಹತ್ತು ಗಂಟೆ ಆರು ನಿಮಿಷಕ್ಕೆ. ಲೆಸ್ ಆಟ ಆಡ್ತಿದ್ದಾನೆ ಅಂದ್ಕೊಂಡು ಇಟ್ಬಿಟ್ಟೆ. ಇನ್ನೊಂದ್ಸಲ ಬಂತು. ಎತ್ಲಿಲ್ಲ."

ಡೆಲಿಯಾ ಲೋಟ ಕೆಳಗಿಟ್ಟು ತನ್ನವರಿಗೆ ಕಣ್ಸನ್ನೆ ಮಾಡಿದಳು. ಮೂವರೂ ಎದ್ದು ಹೊರಗೆ ಹೋದರು. ಕ್ಲೆಮ್ ಕಾಲನ್ನು ಎತ್ತಿ ಮಂಡಿಗೆ ಕಟ್ಟತೊಡಗಿದ. ಪಟ್ಟಿ ಎರಡು ಸಲ ಜಾರಿತು. ನಾನು ಬಗ್ಗಿದೆ.

"ಮುಟ್ಬೇಡ."

ಕೋಲೂರಿಕೊಂಡು ಪೆಟ್ರೋಲು ಪಂಪು ದಾಟಿ, ಡಾಂಬರಿನ ಅಂಚಿನವರೆಗೆ ಹೋಗಿ ನಿಂತ. ಆಸ್ಪತ್ರೆಯಿಂದ ಬಂದ ಮೇಲೆ ಅಷ್ಟು ದೂರ ಅವನು ಹೋಗಿರಲಿಲ್ಲ. ಮೂರು ಗಾಡಿ ಕೂಡಿಸಿದ ದೊಡ್ಡ ಲಾರಿಯೊಂದು ಹಾದುಹೋಯಿತು. ಚಾಲಕ ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿದ, ಇಲ್ಲಿಯ ಎಲ್ಲರ ಹಾಗೆ. ಕ್ಲೆಮ್ ತಿರುಗಿ ಬೆರಳೆತ್ತಲಿಲ್ಲ.

ನಾನು ಕಾವಲಿಗೆ ಬಂದೆ, ಬಿಟ್ಟೆ. ಕೋಲ್ಡ್ ರೂಮಿನ ಬಾಗಿಲು ಮುಟ್ಟಿದೆ, ಬಿಟ್ಟೆ. ಲೋಟ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ. ಕಿಟಕಿಯಲ್ಲಿ ಅವನ ಬೆನ್ನು. ಗಡಿಯಾರ ಹತ್ತೂ ಮುಕ್ಕಾಲು.

ವಾಪಸು ಬಂದಾಗ ಅಂಗಿಯೆಲ್ಲ ಬೆವರು. ಬೆಂಚಿನ ಮೇಲೆ ಕೂರಲಿಲ್ಲ, ನಿಂತೇ ಕೇಳಿದ. "ಯಾವಾಗಿಂದ ಗೊತ್ತು, ಅದು ಲೆಸ್ ಅಲ್ಲ ಅಂತ?"

"ಆಸ್ಪತ್ರೇಲಿ. ನಾಲ್ಕನೇ ದಿನ."

"ಮೂರು ಬೇಸಿಗೆ ಅವನನ್ನ ಬೈದೆ. ಅವನ ತಾಯೀನೂ ಬಿಡ್ಲಿಲ್ಲ. ನಾನು ಬೈತಾ ಇದ್ರೆ ನೀನು ಟೀ ತಂದುಕೊಡ್ತಾ ಇದ್ದೆ."

"ಹೂಂ."

"ಆವತ್ತು ಹುಡುಕೋಕೆ ಹೋಗ್ಬೇಕಾಗಿದ್ದೋಳು ನೀನು."

"ಹೂಂ. ನೀನು ಬೀಗದ ಕೈ ಕಿತ್ಕೊಂಡೆ."

"ಕಿತ್ಕೊಂಡೆ," ಎಂದ. ಅದರಲ್ಲಿ ಸಿಟ್ಟಿತ್ತೋ ಬೇರೇನಿತ್ತೋ ನನಗೆ ತಿಳಿಯಲಿಲ್ಲ.

ಹಿಟ್ಟಿನ ಡಬ್ಬ ಎತ್ತಿ ಲಕೋಟೆ ತೆಗೆದು ಮೇಜಿನ ಮೇಲಿಟ್ಟೆ. ಅವನು ಹೆಸರು ನೋಡಿದ, ಬೆರಳಿಂದ ಹಿಟ್ಟು ಒರೆಸಿದ. ಅಂಟು ಒಣಗಿ ಬಾಯಿ ತಾನಾಗಿಯೇ ಬಿಟ್ಟುಕೊಂಡಿತ್ತು. ಕಾಗದ ತೆಗೆದು ತುಟಿ ಆಡಿಸುತ್ತಾ ಓದಿದ. ಅದರಲ್ಲಿ ಇದ್ದದ್ದು ಇಷ್ಟೇ: 'ಮನೋಲಿ, ನೀನು ಫೋನು ಮಾಡಿದ್ದೆ. ನಾನು ನಂಬಲಿಲ್ಲ. ಆಮೇಲೆ ಗೊತ್ತಾಯಿತು, ಆದರೂ ಇಲ್ಲ ಎಂದೆ. ತಪ್ಪು ನನ್ನದು. ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸು. ಎನಿಡ್.'

"ಇದರ ತಾರೀಖು ಎರಡು ವರ್ಷ ಹಳೇದು," ಎಂದ.

"ಇವತ್ತು ಬೇರೆ ಬರೀತೀನಿ. ಇನ್ನೂ ಚೆನ್ನಾಗಿ..."

"ಬೇಡ. ಇದೇ ಹೋಗ್ಲಿ. ಎಷ್ಟು ದಿನ ಇಟ್ಕೊಂಡಿದ್ದೆ ಅನ್ನೋದೂ ಅವನಿಗೆ ಗೊತ್ತಾಗ್ಲಿ."

ಮಡಿಸಿ ಒಳಗಿಟ್ಟು, ನಾಲಗೆಯಿಂದ ಅಂಚು ಒದ್ದೆ ಮಾಡಿ ಮುಷ್ಟಿಯಿಂದ ಗುದ್ದಿ ಅಂಟಿಸಿದ. ಅಂಟಲಿಲ್ಲ. ನಾನು ಡ್ರಾಯರಿನಿಂದ ಟೇಪು ಕೊಟ್ಟೆ.

"ಕೋಲ್ಡ್ ರೂಮಿನ ವಿಷಯ ಬರೆದಿಲ್ಲ, ಒಳ್ಳೇದಾಯ್ತು. ತಪ್ಪಾಯ್ತು ಅನ್ನೋ ಕಾಗದದಲ್ಲಿ ರಿಪೇರಿಗೆ ಬಾ ಅನ್ನಬಾರದು."

"ಎರಡು ವರ್ಷದ ಹಿಂದೆ ಅದು ಚೆನ್ನಾಗೇ ಓಡ್ತಿತ್ತಲ್ಲೋ."

"ಹಂಗಾದ್ರೆ ಸರಿ. ಮಾಂಸ ಕೊಳೀಲಿ." ರಟ್ಟಿನ ಕಡೆ ನೋಡಿದ. ನಾನು ಅತ್ತ ಕೈ ಚಾಚಿದೆ. "ಬಿಡು. ನಾನು ಬರೆದದ್ದು, ನಾನೇ ಕೀಳ್ತೀನಿ. ಇವತ್ತು ಆಗಲ್ಲ." ಟೀ ಬೇಕಾ ಎಂದೆ. ಬೇಡ ಎಂದ.

ಹನ್ನೊಂದೂ ಹತ್ತಕ್ಕೆ ವ್ಯಾನು ಬಂತು. ಟಪಾಲಿನ ಮರ್ವ್ ನಮ್ಮ ಚೀಲ ಎಸೆದು, ನೀರು ಕುಡಿದು, ಒಂದು ಬ್ರೆಡ್ಡು ಕಟ್ಟಿಸಿಕೊಂಡ. "ಕಳಿಸೋದು ಏನೂ ಇಲ್ಲ ತಾನೆ, ಎಂದಿನ ಹಾಗೆ?"

"ಇದೆ," ಎಂದೆ.

ಲಕೋಟೆಯನ್ನು ತಿರುಗಿಸಿ ನೋಡಿದ. "ಇದೇನಮ್ಮ, ಹಿಟ್ಟಲ್ಲಿ ಹೊರಳಾಡಿಸಿದ್ದೀಯ? ಈ ಸ್ಟಾಂಪು ಸಾಲಲ್ಲ, ದರ ಏರಿ ಎಷ್ಟೋ ಕಾಲ ಆಯ್ತು." ಜೇಬಿನಿಂದ ಇನ್ನೊಂದು ತೆಗೆದು ಪಕ್ಕದಲ್ಲಿ ಅಂಟಿಸಿದ. ಹೆಸರು ಓದಿದ. ಅವನೂ ಈ ರಸ್ತೆಯವನೇ. ತಲೆಯೆತ್ತಿ ಗೋಡೆಯ ರಟ್ಟು ನೋಡಿದ, ಕ್ಲೆಮ್‌ನನ್ನು ನೋಡಿದ.

"ಏನು ನೋಡ್ತೀಯ? ಚೀಲಕ್ಕೆ ಹಾಕು," ಎಂದ ಕ್ಲೆಮ್.

ಮರ್ವ್ ಚೀಲಕ್ಕೆ ಹಾಕಿ ದಾರ ಎಳೆದ. ಒಬ್ಬನೇ ಹೋಗುವವನು, ಪುಸ್ತಕದಲ್ಲಿ ಹೆಸರು ಬರೆದ. ನಾನು ಹೊತ್ತು ಬರೆದೆ: ಹನ್ನೊಂದು ಇಪ್ಪತ್ತು.

"ಎರಡು ಗಂಟೆ ಬಿಟ್ಟು ಫೋನ್ ಮಾಡ್ತೀನಿ," ಎಂದ.

"ಯಾವಾಗ ಮುಟ್ಟಿದ್ರೂ ಮಾಡು. ಎಷ್ಟು ಬೇಗ ಆದ್ರೂ ಸರಿ."

ವ್ಯಾನು ಉತ್ತರಕ್ಕೆ ತಿರುಗಿತು. ಡೆಲಿಯಾಳ ಆಳುಗಳು ದೂರದಲ್ಲಿ ಹೊಸ ಹಲಗೆಗೆ ಗುಂಡಿ ತೋಡುತ್ತಿದ್ದರು. ಅವರನ್ನು ದಾಟಿ ಅದು ಚುಕ್ಕಿಯಾಗುವವರೆಗೆ ನಿಂತಿದ್ದು, ಒಳಗೆ ಬಂದು, ಕುರ್ಚಿಯನ್ನು ಫೋನಿನ ಪಕ್ಕಕ್ಕೆ ಎಳೆದುಕೊಂಡು ಕೂತೆ.